ಕಾಲೇಜು ಬಾಸ್ಕೆಟ್‌ಬಾಲ್‌ನ ಬಾಕ್ಸ್ ಸ್ಕೋರ್ ಓದುವ ಬಗೆ: ಅಮೆರಿಕದಲ್ಲಿರುವ ಕನ್ನಡಿಗರಿಗೆ

ನವೆಂಬರ್ ಆರಂಭದಿಂದ ಏಪ್ರಿಲ್ ಮೊದಲ ವಾರದವರೆಗೆ ಅಮೆರಿಕದ ವಿಶ್ವವಿದ್ಯಾಲಯಗಳ ಊರುಗಳಲ್ಲಿ ಬಾಸ್ಕೆಟ್‌ಬಾಲ್‌ನದೇ ಮಾತು. ಓದಲು ಬಂದ ನಮ್ಮ ವಿದ್ಯಾರ್ಥಿಗಳಿಗೂ, ಇಲ್ಲಿ ನೆಲೆಸಿ ಮಕ್ಕಳನ್ನು ಶಾಲೆಯ ತಂಡಕ್ಕೆ ಸೇರಿಸಿರುವ ತಂದೆತಾಯಿಯರಿಗೂ ಆಟ ಬೇಗನೆ ಅರ್ಥವಾಗುತ್ತದೆ. ಆದರೆ ಆಟ ಮುಗಿದ ಕೂಡಲೇ ಹೊರಬರುವ ಅಂಕಿ-ಅಂಶಗಳ ಹಾಳೆ, ಅಂದರೆ ಬಾಕ್ಸ್ ಸ್ಕೋರ್, ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ಕ್ರಿಕೆಟ್ ಸ್ಕೋರ್‌ಕಾರ್ಡ್ ನೋಡುತ್ತ ಬೆಳೆದವರ ಕಣ್ಣು ಮೊದಲು ಹುಡುಕುವುದು ಯಾರು ಎಷ್ಟು ಹೊಡೆದರು ಎಂಬುದನ್ನು. ಇಲ್ಲಿ ಆಟಗಾರರ ಪಾಯಿಂಟ್‌ಗಳನ್ನು ಕೊನೆಗೆ ನೋಡಬೇಕು, ತಂಡದ ಒಟ್ಟು ಲೆಕ್ಕವಿರುವ ಕೆಳಗಿನ ಸಾಲಿನಿಂದ ಓದು ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರತಿ ಆಟಗಾರನ ಹೆಸರಿನ ಮುಂದೆ ಆಡಿದ ನಿಮಿಷಗಳು, ಫೀಲ್ಡ್ ಗೋಲ್ (ಆಟದ ನಡುವೆ ಬುಟ್ಟಿಗೆ ಎಸೆದದ್ದು), ಮೂರು ಪಾಯಿಂಟ್‌ನ ಎಸೆತ, ಫ್ರೀ ಥ್ರೋ (ಫೌಲ್‌ಗಾಗಿ ಸಿಗುವ, ಯಾರೂ ತಡೆಯದ ಒಂದು ಪಾಯಿಂಟ್‌ನ ಎಸೆತ), ರೀಬೌಂಡ್ (ತಪ್ಪಿದ ಎಸೆತದ ಚೆಂಡನ್ನು ಹಿಡಿಯುವುದು), ಅಸಿಸ್ಟ್ (ಗೋಲಿಗೆ ದಾರಿಯಾದ ಪಾಸ್), ಟರ್ನೋವರ್ (ಚೆಂಡನ್ನು ಎದುರಾಳಿಗೆ ಕಳೆದುಕೊಳ್ಳುವುದು), ಬ್ಲಾಕ್ (ಎದುರಾಳಿಯ ಎಸೆತ ತಡೆಯುವುದು), ಸ್ಟೀಲ್ (ಚೆಂಡು ಕಸಿಯುವುದು), ಫೌಲ್ ಮತ್ತು ಪಾಯಿಂಟ್ ಇರುತ್ತವೆ. ಎಸೆತಗಳ ಕಾಲಂನಲ್ಲಿ 5-10 ಎಂದಿದ್ದರೆ ಹತ್ತು ಬಾರಿ ಎಸೆದು ಐದನ್ನು ಹಾಕಿದ್ದಾನೆ ಎಂದರ್ಥ. ಮೂರು ಪಾಯಿಂಟ್‌ನ ಎಸೆತಗಳು ಫೀಲ್ಡ್ ಗೋಲ್‌ಗಳ ಲೆಕ್ಕದೊಳಗೇ ಸೇರಿರುವುದರಿಂದ ಎರಡನ್ನೂ ಕೂಡಿಸಬಾರದು. ಫೀಲ್ಡ್ ಗೋಲ್‌ಗಳನ್ನು ಎರಡರಿಂದ ಗುಣಿಸಿ, ಮೂರು ಪಾಯಿಂಟ್‌ನವು ಎಷ್ಟಿವೆಯೋ ಅಷ್ಟನ್ನು ಮತ್ತು ಫ್ರೀ ಥ್ರೋಗಳನ್ನು ಸೇರಿಸಿದರೆ ಪಾಯಿಂಟ್ ಸಿಗುತ್ತದೆ. ನಲವತ್ತು ನಿಮಿಷದ ಆಟದಲ್ಲಿ ಒಂದು ತಂಡದ ಆಟಗಾರರ ನಿಮಿಷಗಳ ಮೊತ್ತ 200 ಆಗಿರುತ್ತದೆ, ಪ್ರತಿ ಹೆಚ್ಚುವರಿ ಅವಧಿಗೆ ಅದು 25ರಷ್ಟು ಏರುತ್ತದೆ.

ಕೆಳಗಿನ ಸಾಲನ್ನು ಮೊದಲು ಓದಬೇಕೆಂದು ನಾನು ಒತ್ತಾಯಿಸುವುದೇಕೆ ಎಂಬುದಕ್ಕೆ 1985ರ ಪುರುಷರ ರಾಷ್ಟ್ರೀಯ ಫೈನಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಏಪ್ರಿಲ್ 1ರಂದು ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ, ಎಂಟನೇ ಶ್ರೇಯಾಂಕದ ವಿಲನೋವಾ ತಂಡ ತಾರಾ ಆಟಗಾರ ಪ್ಯಾಟ್ರಿಕ್ ಯೂವಿಂಗ್ ಇದ್ದ ಜಾರ್ಜ್‌ಟೌನ್ ತಂಡವನ್ನು 66-64ರಿಂದ ಸೋಲಿಸಿತು. ವಿಲನೋವಾ 28 ಎಸೆತಗಳಲ್ಲಿ 22 ಹಾಕಿತು, ಅಂದರೆ ಶೇ 78.6. ಆ ದಿನದ ಕಥೆ ಹೇಳುವವರೆಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಜಾರ್ಜ್‌ಟೌನ್ 53 ಎಸೆತಗಳಲ್ಲಿ 29 ಹಾಕಿತ್ತು. ಆಗಿನ್ನೂ ಮೂರು ಪಾಯಿಂಟ್‌ನ ಗೆರೆ ಬಂದಿರಲಿಲ್ಲವಾದ್ದರಿಂದ, ಏಳು ಫೀಲ್ಡ್ ಗೋಲ್ ಹೆಚ್ಚು ಎಂದರೆ ಹದಿನಾಲ್ಕು ಪಾಯಿಂಟ್ ಮುಂದಿದ್ದಂತೆ. ಫ್ರೀ ಥ್ರೋ ಕಾಲಂಗೆ ಬಂದರೆ ವಿಲನೋವಾ 22-27, ಜಾರ್ಜ್‌ಟೌನ್ 6-8. ಹದಿನಾಲ್ಕರ ಮುನ್ನಡೆ ಹದಿನಾರರ ಹಿನ್ನಡೆಯಲ್ಲಿ ಕರಗಿ, ಉಳಿದದ್ದು ಎರಡು ಪಾಯಿಂಟ್‌ನ ಸೋಲು. ವಿಲನೋವಾ 17 ಬಾರಿ ಚೆಂಡು ಕಳೆದುಕೊಂಡಿತ್ತು ಎಂಬುದನ್ನೂ ಗಮನಿಸಿದರೆ, ಗೆದ್ದವರ ಆಟ ಎಲ್ಲ ವಿಧದಲ್ಲೂ ನಿರ್ದೋಷವಾಗಿರಲಿಲ್ಲವೆಂಬುದು ತಿಳಿಯುತ್ತದೆ. ಯೂವಿಂಗ್ ಎಷ್ಟು ಪಾಯಿಂಟ್ ಗಳಿಸಿದ ಎಂದು ಮೊದಲೇ ನೋಡಿದ್ದರೆ ಇದಾವುದೂ ಕಾಣುತ್ತಿರಲಿಲ್ಲ.

ಫ್ರೀ ಥ್ರೋ ಹೀಗೆ ಆಟ ತಿರುಗಿಸುವುದರ ಹಿಂದೆ ಫೌಲ್‌ನ ನಿಯಮವಿದೆ. ಎಸೆಯುವಾಗ ಫೌಲ್ ಆಗಿ ಚೆಂಡು ಒಳಗೆ ಹೋಗದಿದ್ದರೆ ಅದನ್ನು ಎಸೆತವೆಂದೇ ಎಣಿಸುವುದಿಲ್ಲ; ವಿಲನೋವಾದ 28 ಅಷ್ಟು ಚಿಕ್ಕ ಸಂಖ್ಯೆಯಾಗಲು ಇದೂ ಒಂದು ಕಾರಣ. ಪುರುಷರ ಆಟವನ್ನು 20 ನಿಮಿಷಗಳ ಎರಡು ಅವಧಿಗಳಾಗಿ ಆಡಿಸುವಾಗ, ಎದುರಾಳಿ ತಂಡ ಒಂದು ಅವಧಿಯಲ್ಲಿ ಒಟ್ಟು ಏಳನೇ ಫೌಲ್ ಮಾಡಿದರೆ ಒಂದು ಫ್ರೀ ಥ್ರೋ ಸಿಗುತ್ತದೆ, ಅದು ಒಳಗೆ ಬಿದ್ದರೆ ಮಾತ್ರ ಇನ್ನೊಂದು. ಹತ್ತನೇ ಫೌಲ್‌ನಿಂದ ನೇರವಾಗಿ ಎರಡು. ಮಹಿಳೆಯರ ಆಟದಲ್ಲಿ 2015-16ರಿಂದ ಹತ್ತು ನಿಮಿಷಗಳ ನಾಲ್ಕು ಅವಧಿಗಳಿದ್ದು, ತಂಡವೊಂದು ಅವಧಿಯಲ್ಲಿ ಮಾಡುವ ಐದನೇ ಫೌಲ್‌ನಿಂದಲೇ ಎರಡು ಸಿಗುತ್ತವೆ. ಐದು ವೈಯಕ್ತಿಕ ಫೌಲ್ ಆದವರು ಹೊರಗೆ ಕೂರಬೇಕು. ಆದ್ದರಿಂದ ಒಳ್ಳೆಯ ಆಟಗಾರ್ತಿಯೊಬ್ಬಳು ಕೇವಲ 19 ನಿಮಿಷ ಆಡಿದ್ದಾಳೆಂದರೆ ಫೌಲ್ ಕಾಲಂ ನೋಡಿದ ಮೇಲೆಯೇ ತೀರ್ಮಾನಕ್ಕೆ ಬರುವುದು ಉಚಿತ.

ಶೇಕಡಾವಾರು ಲೆಕ್ಕವೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಒಬ್ಬರು ಎರಡು ಪಾಯಿಂಟ್‌ನ ಹತ್ತು ಎಸೆತಗಳಲ್ಲಿ ಐದು ಹಾಕಿದರೆ ಹತ್ತು ಪಾಯಿಂಟ್, ಇನ್ನೊಬ್ಬರು ಮೂರು ಪಾಯಿಂಟ್‌ನ ಹತ್ತರಲ್ಲಿ ನಾಲ್ಕು ಹಾಕಿದರೆ ಹನ್ನೆರಡು. ಹಾಳೆಯಲ್ಲಿ ಮಾತ್ರ ಮೊದಲನೆಯವರದು ಶೇ 50, ಎರಡನೆಯವರದು ಶೇ 40. ಈ ಅನ್ಯಾಯ ಸರಿಪಡಿಸಲು ಮೂರು ಪಾಯಿಂಟ್‌ನ ಪ್ರತಿ ಗೋಲನ್ನು ಒಂದೂವರೆ ಎಂದು ಎಣಿಸುತ್ತಾರೆ, ಆಗ ಎರಡನೆಯವರದು ಶೇ 60 ಆಗುತ್ತದೆ. ಇದರಷ್ಟೇ ಉಪಯುಕ್ತವಾದದ್ದು ಚೆಂಡು ಎಷ್ಟು ಸರದಿ ಕೈಗೆ ಬಂತು ಎಂಬ ಅಂದಾಜು: ಎಸೆತಗಳಿಂದ ಆಕ್ರಮಣದ ರೀಬೌಂಡ್‌ಗಳನ್ನು (ತಮ್ಮದೇ ತಪ್ಪಿದ ಎಸೆತದ ಚೆಂಡನ್ನು ಮತ್ತೆ ಹಿಡಿದದ್ದು) ಕಳೆದು, ಟರ್ನೋವರ್‌ಗಳನ್ನೂ ಫ್ರೀ ಥ್ರೋ ಎಸೆತಗಳ 0.475 ಭಾಗವನ್ನೂ ಕೂಡಿಸಬೇಕು. ನಿಧಾನವಾಗಿ ಆಡುವ ತಂಡದ 62 ಪಾಯಿಂಟ್, ಓಡೋಡಿ ಆಡುವ ತಂಡದ 75ಕ್ಕಿಂತ ಒಳ್ಳೆಯ ಆಟವಾಗಿರಬಹುದೆಂದು ಈ ಲೆಕ್ಕದಿಂದಲೇ ಗೊತ್ತಾಗುವುದು.

ರೀಬೌಂಡ್‌ಗಳ ಪಟ್ಟಿಯಲ್ಲಿ ಟೀಮ್ ಎಂಬ ಸಾಲೊಂದು ಹೊಸಬರನ್ನು ಗೊಂದಲಗೊಳಿಸುತ್ತದೆ. ತಪ್ಪಿದ ಎಸೆತದ ಬಳಿಕ ಯಾರ ಹಿಡಿತಕ್ಕೂ ಸಿಗದೆ ಚೆಂಡು ಗೆರೆಯಾಚೆ ಹೋದರೆ, ಅದು ಯಾವ ತಂಡದ ಪಾಲಾಯಿತೋ ಆ ತಂಡದ ಹೆಸರಿಗೆ ಬರೆಯುತ್ತಾರೆ. ಅಸಿಸ್ಟ್ ಮಾತ್ರ ಪೂರ್ತಿ ಎಣಿಕೆಯ ವಿಷಯವಲ್ಲ. ಗೋಲಿಗೆ ನೇರವಾಗಿ ದಾರಿಯಾದ ಪಾಸ್ ಯಾವುದೆಂದು ಅಂಕಿ ಬರೆಯುವವರು ನಿರ್ಧರಿಸಬೇಕಾಗುತ್ತದೆ. ಪ್ಲಸ್-ಮೈನಸ್ ಎಂದರೆ ಆ ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ ಅಥವಾ ಕಳೆದುಕೊಂಡ ಅಂತರ, ಒಂದೇ ಆಟದ ಮಟ್ಟಿಗೆ ಅದನ್ನು ನೆಚ್ಚುವಂತಿಲ್ಲ. ಹಾಳೆಯ ಕೊನೆಯಲ್ಲಿರುವ ಟರ್ನೋವರ್‌ನಿಂದ ಬಂದ ಪಾಯಿಂಟ್, ಬುಟ್ಟಿಯ ಹತ್ತಿರದ ಪಾಯಿಂಟ್, ಬೆಂಚಿನವರ ಪಾಯಿಂಟ್ ಇವುಗಳನ್ನು ಒಟ್ಟುಗೂಡಿಸಬಾರದು, ಏಕೆಂದರೆ ಒಂದೇ ಗೋಲು ಮೂರರಲ್ಲೂ ಲೆಕ್ಕವಾಗಿರಬಹುದು.

ಫೆಬ್ರವರಿಯ ಹೊತ್ತಿಗೆ ನೆಟ್ ಎಂಬ ಪದ ಕಿವಿಗೆ ಬೀಳತೊಡಗುತ್ತದೆ. ಮಾರ್ಚ್‌ನ 68 ತಂಡಗಳ ಟೂರ್ನಿಗೆ ಆಯ್ಕೆ ಮಾಡುವ ಸಮಿತಿ ಪುರುಷರ ವಿಭಾಗದಲ್ಲಿ 2018-19ರಿಂದ, ಮಹಿಳೆಯರ ವಿಭಾಗದಲ್ಲಿ 2020-21ರಿಂದ ಬಳಸುತ್ತಿರುವ ಶ್ರೇಯಾಂಕ ಇದು. ಸೋಲು-ಗೆಲುವಿನ ಜೊತೆಗೆ ಪ್ರತಿ ಸರದಿಗೆ ಎಷ್ಟು ಪಾಯಿಂಟ್ ಗಳಿಸಿದರು, ಎಷ್ಟು ಬಿಟ್ಟುಕೊಟ್ಟರು ಎಂಬ ಲೆಕ್ಕವೂ ಇದರೊಳಗಿದೆ. ಆಟ ಎಲ್ಲಿ ನಡೆಯಿತು ಎಂಬುದಕ್ಕೂ ಬೆಲೆಯಿದೆ: ಪುರುಷರ ವಿಭಾಗದಲ್ಲಿ ಮೊದಲ ದರ್ಜೆಯ ಗೆಲುವೆಂದು ಪರಿಗಣಿಸಲು ತಮ್ಮ ಅಂಗಳದಲ್ಲಾದರೆ ನೆಟ್‌ನ ಮೊದಲ 30 ತಂಡಗಳಲ್ಲೊಂದನ್ನು, ತಟಸ್ಥ ಅಂಗಳದಲ್ಲಾದರೆ ಮೊದಲ 50ರಲ್ಲೊಂದನ್ನು ಸೋಲಿಸಬೇಕು, ಎದುರಾಳಿಯ ಊರಿಗೆ ಹೋಗಿ ಆಡಿದರೆ ಮೊದಲ 75ರಲ್ಲಿ ಯಾವುದನ್ನು ಸೋಲಿಸಿದರೂ ಸಾಕು.