ಶನಿವಾರದ ಸೂಜಿ

ಮಂಡ್ಯದ ಪಕ್ಕದ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. 2010ರಲ್ಲಿ ರಕ್ತದಾನ ಶಿಬಿರದಲ್ಲಿ ರಕ್ತ ಕೊಟ್ಟ ಕೆಲವೇ ದಿನಕ್ಕೆ ಫೋನ್ ಬಂತು. ಹೆಪಟೈಟಿಸ್ ಸಿ, ಅಂದರೆ ಲಿವರಿಗೆ ತಗಲುವ ವೈರಸ್ ಸೋಂಕು, ಇದೆಯಂತೆ. 1991ರಲ್ಲಿ ಮದ್ದೂರಿನ ಹತ್ತಿರ ಬೈಕಿನಿಂದ ಬಿದ್ದು ತೊಡೆ ಮೂಳೆ ಮುರಿದಾಗ ನನಗೆ ಮೂರು ಬಾಟಲಿ ರಕ್ತ ಹಾಕಿದ್ದರು. ಆ ವೈರಸ್ಸನ್ನು ಗುರುತಿಸಿದ್ದೇ 1989ರಲ್ಲಿ. ದಾನಿಗಳ ರಕ್ತದಲ್ಲಿ ಅದನ್ನು ಹುಡುಕುವುದು ಆಗ ನಮ್ಮಲ್ಲಿ ಕಡ್ಡಾಯ ಇರಲಿಲ್ಲ. ಹತ್ತೊಂಬತ್ತು ವರ್ಷ ಒಂದು ಕೆಮ್ಮನ್ನೂ ತರದೆ ಲಿವರಿನಲ್ಲಿ ಕೂತಿತ್ತು.

ಮೈಸೂರಿನ ಡಾಕ್ಟರು ವೈರಸ್ಸಿನ ಬಗೆ ಜೀನೋಟೈಪ್ 3 ಎಂದರು. ನಮ್ಮ ದೇಶದಲ್ಲಿ ಹೆಚ್ಚಾಗಿ ಸಿಗುವುದು ಅದೇ ಬಗೆ. 24 ವಾರದ ಚಿಕಿತ್ಸೆ. ವಾರಕ್ಕೊಂದು ಪೆಗಿಲೇಟೆಡ್ ಇಂಟರ್‌ಫೆರಾನ್ ಸೂಜಿ, ಅಂದರೆ ವೈರಸ್ ವಿರುದ್ಧ ಮೈಯ ಶಕ್ತಿಯನ್ನು ಎಬ್ಬಿಸುವ ಔಷಧ; ಜೊತೆಗೆ ವೈರಸ್ ತಡೆಯುವ ರಿಬಾವಿರಿನ್, ದಿನಾ 200 ಮಿಲಿಗ್ರಾಮಿನ ಕ್ಯಾಪ್ಸೂಲ್ ನಾಲ್ಕು, ಬೆಳಿಗ್ಗೆ ಎರಡು ರಾತ್ರಿ ಎರಡು. ಒಂದೊಂದು ಸೂಜಿಗೂ ಸಾವಿರಗಟ್ಟಲೆ ರೂಪಾಯಿ. ಆ ಸಾಲಿನ ಕಬ್ಬಿನ ದುಡ್ಡು ಅಲ್ಲಿಗೇ ಹೋಯಿತು, ಮೇಲೆ ಜಿಪಿಎಫ್ ಸಾಲ.

"ವಾರದಲ್ಲಿ ಯಾವ ದಿನ ತಗೋತೀರೋ ನೀವೇ ಹೇಳಿ ಮೇಷ್ಟ್ರೇ. ಆಮೇಲೆ ಆ ದಿನ ತಪ್ಪಿಸಬೇಡಿ" ಎಂದರು ಡಾಕ್ಟರು. ಶನಿವಾರ ಬೆಳಗಿನ ಶಾಲೆ, ಮಧ್ಯಾಹ್ನದಿಂದ ಬಿಡುವು. ಜ್ವರ ಬರುವುದಿದ್ದರೆ ಶನಿವಾರ ರಾತ್ರಿ ಬಂದು ಭಾನುವಾರ ಇಳಿದುಹೋಗಲಿ ಎಂದು ಲೆಕ್ಕ ಹಾಕಿದೆ. 2011ರ ಸಂಕ್ರಾಂತಿ ಕಳೆದ ಮುಂದಿನ ಶನಿವಾರ ಶುರು. ಆ ಆರು ತಿಂಗಳಲ್ಲಿ ನಾನು ಮಾಡಿದ ಅತಿ ಬುದ್ಧಿವಂತಿಕೆಯ ಕೆಲಸ ಅದೊಂದೇ ಇರಬೇಕು.

ಸೂಜಿಯನ್ನು ತಣ್ಣಗಿಡಬೇಕು, ಆದರೆ ಹೆಪ್ಪುಗಟ್ಟಬಾರದು. ಮೈಸೂರಿನಿಂದ ರೈಲಿನಲ್ಲಿ ತರುವಾಗ ಥರ್ಮಾಕೋಲ್ ಡಬ್ಬಿಯಲ್ಲಿ ಐಸ್, ಅದರ ಮೇಲೆ ನಾಲ್ಕು ಮಡಿಕೆ ಪೇಪರು, ಅದರ ಮೇಲೆ ಸೂಜಿ. ಮನೆಯಲ್ಲಿ ಫ್ರಿಜ್ಜಿನ ನಡು ತಟ್ಟೆ. ಬೇಸಿಗೆಯಲ್ಲಿ ಕರೆಂಟು ಹೋದಾಗಲೆಲ್ಲ ಫ್ರಿಜ್ಜಿನ ಬಾಗಿಲು ತೆಗೆಯಬಾರದೆಂದು ಕಟ್ಟಪ್ಪಣೆ. ನಮ್ಮವ್ವ "ಮೊಸರಿಗೂ ಗತಿಯಿಲ್ಲದಂಗಾಯ್ತು" ಎಂದು ಗೊಣಗುತ್ತಿದ್ದಳು. ಅದೇ ಅವ್ವ ಮೊದಲ ವಾರ ನನ್ನ ತಟ್ಟೆ, ಲೋಟ ಬೇರೆ ಇಟ್ಟಿದ್ದಳು. ಜೊತೆಗೆ ಉಂಡರೆ ಬರುವ ಕಾಯಿಲೆ ಅಲ್ಲ, ರಕ್ತದಿಂದ ಬರುವಂಥದ್ದು, ಬೇರೆ ಇಡಬೇಕಾದ್ದು ರೇಜರು, ಉಗುರು ಕತ್ತರಿ, ಬ್ರಷ್ಷು ಎಂದು ಹೇಳಿ ಒಪ್ಪಿಸಲು ನನ್ನ ಹೆಂಡತಿಗೆ ಎಂಟು ದಿನ ಬೇಕಾಯಿತು. ಹೊಟ್ಟೆಗೋ ತೊಡೆಗೋ ಚುಚ್ಚುವುದನ್ನು ಕಲಿತವಳೂ ಅವಳೇ. ಪ್ರತಿ ವಾರ ಜಾಗ ಬದಲಿಸುತ್ತಿದ್ದಳು. ಇಲ್ಲದಿದ್ದರೆ ಕೆಂಪಗೆ ಗಟ್ಟಿಯಾಗುತ್ತಿತ್ತು.

ಮೊದಲ ಶನಿವಾರ ರಾತ್ರಿ ಎರಡು ಕಂಬಳಿ ಹೊದ್ದರೂ ಹಲ್ಲು ಕಟಕಟ. ಸೊಂಟ, ಕೀಲು, ಕಣ್ಣಿನ ಗುಡ್ಡೆ ಸಹ ನೋವು. ಡಾಕ್ಟರನ್ನು ಕೇಳಿ, ಮುಂದಿನ ವಾರದಿಂದ ಸೂಜಿಗೆ ಒಂದು ಗಂಟೆ ಮೊದಲೇ ಪ್ಯಾರಾಸಿಟಮಾಲ್ ನುಂಗಿದೆ. ದಿನಕ್ಕೆ 500ರದ್ದು ನಾಲ್ಕು ಮೀರಬಾರದೆಂದು ಕಟ್ಟುನಿಟ್ಟು ಮಾಡಿದ್ದರು. ಹಿಂದಿನ ದಿನದಿಂದಲೇ ತಂಬಿಗೆಗಟ್ಟಲೆ ನೀರು ಕುಡಿದೆ. ಐದನೇ ಸೂಜಿಯ ಹೊತ್ತಿಗೆ ನಡುಕ ಅರ್ಧಕ್ಕಿಳಿಯಿತು.

ಬಾಯಿ ಮಾತ್ರ ಕೊನೆತನಕ ಕೆಟ್ಟೇ ಇತ್ತು, ಹಿತ್ತಾಳೆ ನೆಕ್ಕಿದಂಗೆ. ರಿಬಾವಿರಿನ್ ಊಟದ ಜೊತೆಗೇ ನುಂಗಬೇಕು, ಊಟವೇ ಸೇರದು. ಮುದ್ದೆ ಗಂಟಲಲ್ಲಿ ನಿಲ್ಲುತ್ತಿತ್ತು. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಬೆಳಿಗ್ಗೆ ಕುಡಿದೆ. ಸಂಜೆ ಉಪ್ಪೆಸರಿನ ಖಾರ ನಂಚಿಕೊಂಡರೆ ಸ್ವಲ್ಪ ಅನ್ನ ಇಳಿಯುತ್ತಿತ್ತು. ರಾತ್ರಿ ಕ್ಯಾಪ್ಸೂಲನ್ನು ಹತ್ತು ಗಂಟೆಯ ಬದಲು ಏಳಕ್ಕೆ ತಂದ ಮೇಲೆ ನಿದ್ದೆ ಒಂಚೂರು ಸುಧಾರಿಸಿತು. ಮೈ ತುರಿಕೆಗೆ ಉಗುರು ಬೆಚ್ಚಗಿನ ನೀರಿನ ಸ್ನಾನ, ಒದ್ದೆ ಮೈಗೇ ಕೊಬ್ಬರಿ ಎಣ್ಣೆ. ತಲೆಗೂದಲು ಬಾಚಣಿಗೆ ತುಂಬ ಬಂತು; ಅದಕ್ಕೆ ಏನೂ ಮಾಡಲಿಲ್ಲ, ಚಿಕಿತ್ಸೆ ಮುಗಿದ ಮೇಲೆ ತಾನೇ ಬೆಳೆಯಿತು.

ಆರನೇ ವಾರಕ್ಕೆ ಹಿಮೋಗ್ಲೋಬಿನ್ 13.8ರಿಂದ 9.4ಕ್ಕೆ ಇಳಿದಿತ್ತು. ಒಂಬತ್ತನೇ ತರಗತಿ ಮಹಡಿ ಮೇಲೆ. ಮೆಟ್ಟಿಲ ನಡುವೆ ನಿಂತು, ಕಿಟಕಿಯಾಚೆ ಏನೋ ನೋಡುವವನ ಹಾಗೆ ನಟಿಸಿ ಉಸಿರು ತಗೊಳ್ಳುತ್ತಿದ್ದೆ. ಕೊನೆಗೆ ಹೆಡ್‌ಮಾಸ್ಟರರಿಗೆ ಹೇಳಿದೆ, ಆ ತರಗತಿಯನ್ನೇ ಕೆಳಗೆ ತಂದರು. ಊರಲ್ಲಿ ಎಲ್ಲರೂ ವೈದ್ಯರು. ಬೀಟ್‌ರೂಟ್ ತಿನ್ನಿ, ದಾಳಿಂಬೆ ತಿನ್ನಿ, ಕಬ್ಬಿಣದ ಟಾನಿಕ್ ಕುಡಿಯಿರಿ. ಒಬ್ಬರಂತೂ ಕಾಮಾಲೆಗೆ ಒಳ್ಳೇದೆಂದು ನೆಲನೆಲ್ಲಿ ಅರೆದು ತಂದೇ ಬಿಟ್ಟರು. ಡಾಕ್ಟರು ಬಿಡಿಸಿ ಹೇಳಿದರು: ಇದು ಕಬ್ಬಿಣ ಸಾಲದೆ ಬಂದ ರಕ್ತಹೀನತೆ ಅಲ್ಲ, ರಿಬಾವಿರಿನ್ ಕೆಂಪು ರಕ್ತಕಣಗಳನ್ನು ಒಡೆಯುವುದರಿಂದ ಆದದ್ದು, ಬೇಡದ ಕಬ್ಬಿಣ ಲಿವರಿಗೇ ಹೊರೆ. ನಾಲ್ಕು ಕ್ಯಾಪ್ಸೂಲನ್ನು ಮೂರಕ್ಕೆ ಇಳಿಸಿದರು, ಹಿಮೋಗ್ಲೋಬಿನ್ ಹತ್ತರ ಆಸುಪಾಸು ನಿಂತಿತು. ನೆಲನೆಲ್ಲಿ ನಮ್ಮ ಕರಿಬೇವಿನ ಗಿಡದ ಬುಡ ಸೇರಿತು.

ಮೈಯ ಕಷ್ಟ ಹೇಳಿಕೊಳ್ಳುವುದು ಸುಲಭ. ಸಿಟ್ಟು ಹಾಗಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ತಟ್ಟೆ ತಳ್ಳಿದ್ದೇನೆ. ಭಾಗಾಕಾರ ತಪ್ಪು ಮಾಡಿದ ಹುಡುಗನ ಮೇಲೆ ಕಿರುಚಿದ್ದಕ್ಕೆ ಪಕ್ಕದ ಕೋಣೆಯ ಮೇಷ್ಟ್ರು ಓಡಿ ಬಂದಿದ್ದರು. ಹೆಂಡತಿ ಒಂದು ಉಪಾಯ ಕಂಡುಕೊಂಡಳು. ನಾನು ದನಿ ಏರಿಸಿದೊಡನೆ "ರೀ, ಈಗ ಮಾತಾಡ್ತಿರೋದು ಸೂಜಿ" ಅನ್ನುವಳು. ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತಿತ್ತು.

ಏಪ್ರಿಲ್ ರಜೆಯಲ್ಲಿ ಸಿಟ್ಟು ಹೋಗಿ ಬೇರೇನೋ ಬಂತು. ಸಂಜೆ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ ಮೇಲೆ ಕೂತರೆ ಕಾರಣವಿಲ್ಲದೆ ಅಳು. ನಾಲೆಯಲ್ಲಿ ತುಂಬಿ ಹರಿಯುವ ನೀರು ನೋಡಿ ಬರಬಾರದ ಯೋಚನೆ ಬಂತು. ಎರಡು ವಾರ ಯಾರಿಗೂ ಹೇಳಲಿಲ್ಲ. ಗಂಡಸು, ಮೇಷ್ಟ್ರು, ಎಂಥದಕ್ಕೆ ಅಳುವುದು? ಆ ಎರಡು ವಾರ ನನ್ನ ದೊಡ್ಡ ತಪ್ಪು. ಹೇಳಿದ ದಿನವೇ ಹೆಂಡತಿ ಡಾಕ್ಟರಿಗೆ ಫೋನ್ ಮಾಡಿದಳು. ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಇಂಟರ್‌ಫೆರಾನ್ ಮನಸ್ಸನ್ನು ಹೀಗೆ ಕುಗ್ಗಿಸುತ್ತದೆಂದು ಶುರುವಿನಲ್ಲೇ ಹೇಳಿದ್ದರಂತೆ, ನನ್ನ ಕಿವಿಗೆ ಬಿದ್ದಿರಲಿಲ್ಲ. ಮನೋವೈದ್ಯರ ಬಳಿ ಕಳಿಸಿದರು, ಒಂದು ಮಾತ್ರೆ ಸೇರಿಸಿದರು, ನಾಲೆಯ ಕಡೆ ಒಬ್ಬನೇ ಹೋಗಬಾರದೆಂದರು. ಮೇ ಕೊನೆಗೆ ಮೋಡ ಸರಿಯಿತು.

ಜುಲೈ 2ಕ್ಕೆ ಕೊನೆಯ ಸೂಜಿ. ಆರು ತಿಂಗಳು ಕಾದು ಮಾಡಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ.

ಈಗ ಕಾಲ ಬದಲಾಗಿದೆ. ಸೂಜಿಯೇ ಇಲ್ಲ. ಬಹಳ ಜನಕ್ಕೆ 12 ವಾರ ಮಾತ್ರೆ, 2018ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಸರ್ಕಾರವೇ ಪುಕ್ಕಟೆ ಕೊಡುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೋದ ವರ್ಷ ಸೊಫೊಸ್ಬುವಿರ್, ವೆಲ್ಪಟಾಸ್ವಿರ್ ಮಾತ್ರೆ ತಗೊಂಡ. "ಸಾರ್, ಸ್ವಲ್ಪ ತಲೆನೋವು, ಸುಸ್ತು, ಅಷ್ಟೆ" ಎಂದ. ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ. ಎದೆಯುರಿಗೆ ದಿನಾ ಗ್ಯಾಸ್ ಮಾತ್ರೆ ನುಂಗುತ್ತೇನೆ ಎಂದಾಗ ಮಾತ್ರ ಗದರಿದೆ. ಹೊಟ್ಟೆಯ ಆಮ್ಲ ಕಡಿಮೆಯಾದರೆ ವೆಲ್ಪಟಾಸ್ವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ, ಡಾಕ್ಟರನ್ನು ಕೇಳದೆ ಬೇಡ ಎಂದೆ.

ಇನ್ನೊಂದು ವಿಷಯ ನನಗೆ ಯಾರೂ ಹೇಳಿರಲಿಲ್ಲ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಲು ಹೋದಾಗ ರಕ್ತಪರೀಕ್ಷೆಯಲ್ಲಿ ಮತ್ತೆ 'ಪಾಸಿಟಿವ್' ಬಂತು. ಎದೆ ಧಸಕ್ಕೆಂದಿತು. ಅದು ವೈರಸ್ಸಿನದಲ್ಲ, ಅದರ ವಿರುದ್ಧ ಮೈ ಮಾಡಿಕೊಳ್ಳುವ ಪ್ರತಿಕಾಯದ ಪರೀಕ್ಷೆ. ಕಾಯಿಲೆ ವಾಸಿಯಾದರೂ ಅದರ ಗುರುತು ರಕ್ತದಲ್ಲಿ ಉಳಿದೇ ಇರುತ್ತದಂತೆ. ಆದರೂ ನನ್ನ ಸರದಿಯನ್ನು ಎಲ್ಲರಿಗಿಂತ ಕೊನೆಗೆ ತಳ್ಳಿದರು. ವೈರಸ್ಸೇ ಇಲ್ಲವೆಂದು ತೋರಿಸುವ ಹಳೆಯ ಆರ್‌ಎನ್‌ಎ ರಿಪೋರ್ಟನ್ನು ಮಗ ಬಸ್ಸಿನಲ್ಲಿ ತಂದು ತೋರಿಸುವಷ್ಟರಲ್ಲಿ ಮಧ್ಯಾಹ್ನ ಮೂರು ಗಂಟೆ. ಈಗ ಅದರ ಜೆರಾಕ್ಸ್ ಮಡಚಿ ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ, ಆಧಾರ್ ಕಾರ್ಡಿನ ಹಿಂದೆ.