ಬಾಯಿಮಾತಿನ ಆಫೀಸಿನಲ್ಲಿ ಬರೆದಿಟ್ಟದ್ದೇ ಕೈ ಹಿಡಿಯುವುದು

ಕೆಲಸವನ್ನು ಬಾಯಲ್ಲೇ ಹೇಳಿ, ತಪ್ಪನ್ನು ಮಾತ್ರ ಹತ್ತು ಜನರಿಗೆ ಕಾಪಿ ಹಾಕಿ ಮೇಲ್ ಮಾಡುವ ಆಫೀಸು ಹದಗೆಟ್ಟಿದೆ ಎಂದೇ ಲೆಕ್ಕ. ಅಂಥ ಕಡೆ ನನ್ನನ್ನು ಕಾಪಾಡಿದ್ದು ಬರೆದಿಡುವ ಅಭ್ಯಾಸ.

ಬಾಸ್ ಏನಾದರೂ ಹೇಳಿ ಹೋದ ಅರ್ಧ ಗಂಟೆಯೊಳಗೆ ಒಂದು ಚಿಕ್ಕ ಮೇಲ್ ಹೋಗಬೇಕು: "ಈಗ ಮಾತಾಡಿದಂತೆ ವರದಿ ಗುರುವಾರ ಸಂಜೆ 5ಕ್ಕೆ. ಮಾರಾಟದ ಅಂಕಿಅಂಶ ಬುಧವಾರ ಮಧ್ಯಾಹ್ನದೊಳಗೆ ಆ ತಂಡದಿಂದ ಬರಬೇಕು. ಬದಲಾವಣೆ ಇದ್ದರೆ ತಿಳಿಸಿ." ಇಷ್ಟೇ. "ಉತ್ತರ ಬಾರದಿದ್ದರೆ ಒಪ್ಪಿಗೆ ಎಂದುಕೊಳ್ಳುತ್ತೇನೆ" ಅಂತ ಸೇರಿಸಿದರೆ ಅದು ಲಾಯರ್ ನೋಟಿಸಿನಂತೆ ಕಾಣುತ್ತದೆ, ಇರುವ ಜಗಳ ಇನ್ನಷ್ಟು ಬೆಳೆಯುತ್ತದೆ. ಸಣ್ಣಪುಟ್ಟದ್ದಕ್ಕೆಲ್ಲ ಕಳಿಸುವುದೂ ಬೇಡ. ಗಡುವು, ಹೊಣೆ, ಬದಲಾದ ತೀರ್ಮಾನ, ಈ ಮೂರಕ್ಕೆ ಸಾಕು.

ಎರಡನೆಯದು ಡೈರಿ. ಅದೇ ದಿನ ಬರೆಯಬೇಕು. ವಾರ ಬಿಟ್ಟು ನೆನಪಿಸಿಕೊಂಡು ಬರೆದದ್ದಕ್ಕೆ ತೂಕವಿಲ್ಲ. ತಾರೀಖು, ಸಮಯ, ಯಾರ್‍ಯಾರು ಇದ್ದರು, ಆಡಿದ ಮಾತು ಯಥಾವತ್ತಾಗಿ, ಅದರಿಂದ ಕೆಲಸಕ್ಕೆ ಏನಾಯಿತು. "ಅವಮಾನ ಮಾಡಿದರು" ಅಂತ ಬರೆದರೆ ಅದು ನನ್ನ ಅಭಿಪ್ರಾಯ. "ಬೆಳಗ್ಗೆ 11.20, ಮೀಟಿಂಗ್ ರೂಮು, ನಾಲ್ವರ ಎದುರು: 'ನಿನ್ನ ಕೈಲಿ ಆಗಲ್ಲ, ಹೊರಡು'" ಅಂತ ಬರೆದರೆ ಘಟನೆ. ಡೈರಿ ಮನೆಯಲ್ಲಿರಲಿ, ಕಾಗದದ್ದೇ ಆಗಲಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿಟ್ಟರೆ ಲಾಗಿನ್ ಮುಚ್ಚಿದ ದಿನ ಅದೂ ಹೋಯಿತು.

ಇಲ್ಲಿ ಬಹಳ ಜನ ಎಡವುವುದು ಒಂದೇ ಕಡೆ: ಆಫೀಸಿನ ಮೇಲ್‌ಗಳನ್ನು ಸ್ವಂತ ಜಿಮೇಲ್‌ಗೆ ಫಾರ್ವರ್ಡ್ ಮಾಡುವುದು. ಗೌಪ್ಯತೆಯ ನಿಯಮ ಮುರಿದರೆಂಬ ಆರೋಪ ದೂರು ಕೊಟ್ಟವರ ಮೇಲೆಯೇ ತಿರುಗುತ್ತದೆ. ನಾನು ಆ ಮೇಲ್‌ನ ತಾರೀಖು ಮತ್ತು ವಿಷಯದ ಸಾಲನ್ನು ಮಾತ್ರ ಡೈರಿಯಲ್ಲಿ ಬರೆದುಕೊಳ್ಳುತ್ತೇನೆ. ವಿಚಾರಣೆಯಾದರೆ ಆ ಮೇಲ್ ಹೊರತೆಗೆಸಿ ನೋಡಿ ಎಂದು ಕೇಳಬಹುದು.

ಎಚ್‌ಆರ್ (ಸಿಬ್ಬಂದಿ ವಿಭಾಗ) ಇರುವುದು ಕಂಪನಿಗಾಗಿ, ನಮಗಾಗಿ ಅಲ್ಲ. ಹಾಗಂತ ಹೋಗಲೇಬಾರದೆಂದಿಲ್ಲ. ಬರೀ ಸಂಕಟ ತೋಡಿಕೊಂಡು ಬರುವ ಬದಲು ಮೂರು ತಾರೀಖು, ಒಂದು ಸ್ಪಷ್ಟ ಬೇಡಿಕೆ ಇಟ್ಟುಕೊಂಡು ಹೋಗಿ: ತಂಡ ಬದಲಿಸಿ, ಇಲ್ಲವೇ ಮೌಲ್ಯಮಾಪನ ಬೇರೆಯವರಿಂದ ಮಾಡಿಸಿ. ಮಾತುಕತೆಯ ಸಾರವನ್ನು ಅಂದೇ ಮೇಲ್ ಮಾಡಿ.

ಕೆಲಸ ಬಿಡುವುದು ಯಾವಾಗ? ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ ಪಟ್ಟಿಯಾದ ಐಸಿಡಿ-11ರಲ್ಲಿ ಬರ್ನ್‌ಔಟ್‌ಗೆ, ಅಂದರೆ ಕೆಲಸದ ನಿರಂತರ ಒತ್ತಡದಿಂದ ಬಸವಳಿಯುವುದಕ್ಕೆ, ಮೂರು ಗುರುತು ಕೊಟ್ಟಿದೆ: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು ಅಥವಾ ಅದರ ಬಗ್ಗೆ ಜಿಗುಪ್ಸೆ, ದಕ್ಷತೆ ಕುಸಿಯುವುದು. ಅದು ಇದನ್ನು ರೋಗವೆಂದಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಪಟ್ಟಿ ಮಾಡಿದೆ. ಒಂದು ವಾರ ರಜೆ ಹಾಕಿದರೂ ಈ ಮೂರೂ ಕದಲದಿದ್ದರೆ ನಾನು ಬೇರೆ ಕೆಲಸ ಹುಡುಕಲು ಶುರು ಮಾಡುತ್ತೇನೆ. ಆರು ತಿಂಗಳ ಮನೆಖರ್ಚು ಕೈಯಲ್ಲಿರಬೇಕು, ಸಹಿಯಾದ ಆಫರ್ ಪತ್ರ ಬಂದಿರಬೇಕು, ಆಮೇಲೇ ರಾಜೀನಾಮೆ. ಅದು ಎರಡೇ ಸಾಲು. ಕಾರಣ ಬೇಡ, ಕೊನೆಯ ದಿನದ ತಾರೀಖು ಬೇಕು. ಸಂಬಳದ ಚೀಟಿ, ನೇಮಕಾತಿ ಪತ್ರ, ತೆರಿಗೆಯ ಕಾಗದಗಳನ್ನು ಅದಕ್ಕೂ ಮೊದಲೇ ಇಳಿಸಿಕೊಂಡಿರಬೇಕು.

ಹೊರಡುವಾಗ ಹಸ್ತಾಂತರದ ಪಟ್ಟಿ ಕಳಿಸಿ, "ಸಿಕ್ಕಿತು" ಎಂಬ ಉತ್ತರ ಬಂದ ಮೇಲಷ್ಟೇ ಲ್ಯಾಪ್‌ಟಾಪ್ ಒಪ್ಪಿಸುತ್ತೇನೆ.