ಸಂವಿಧಾನಗಳನ್ನು ಹೋಲಿಸಬೇಕಾ? ಒಂದು ಘಟನೆ ಹಿಡಿಯಿರಿ

ಧಾರವಾಡದ ಸಪ್ತಾಪುರದ ಕಡೆ ಕೆಎಎಸ್‌ಗೆ ಓದುವವರ ನೋಟ್ಸ್ ತೆರೆದರೆ ಸಂವಿಧಾನಗಳ ಹೋಲಿಕೆ ಅಂದರೆ ಒಂದೇ ಪಟ್ಟಿ. ಬ್ರಿಟನ್ ನಮ್ಯ (ಸುಲಭವಾಗಿ ತಿದ್ದಬಹುದು), ಅಮೆರಿಕ ಅನಮ್ಯ (ತಿದ್ದುವುದು ಕಷ್ಟ), ನಮ್ಮದು ನಡುವೆ. ಸುಮ್ನೆ ಬಾಯಿಪಾಠ ಮಾಡಬೇಡಿ, ನಾಲ್ಕು ದಿನಕ್ಕೆ ಮರೆತುಹೋಗುತ್ತದೆ. ನಿಜವಾಗಿ ನಡೆದ ಒಂದು ಘಟನೆ ಹಿಡಿಯಿರಿ. ಅದೇ ಬೇರೆ ದೇಶದಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಅಂತ ಕೇಳಿ.

1999ರಲ್ಲಿ ವಾಜಪೇಯಿ ಸರ್ಕಾರ 269-270, ಒಂದೇ ಮತದಲ್ಲಿ ಬಿತ್ತು. ಯಾಕೆ? 75ನೇ ವಿಧಿ ಪ್ರಕಾರ ಮಂತ್ರಿಮಂಡಲ ಲೋಕಸಭೆಗೆ ಉತ್ತರ ಕೊಡಬೇಕು, ಸಭೆಯ ನಂಬಿಕೆ ಹೋದರೆ ಕುರ್ಚಿಯೂ ಹೋಯಿತು. ಇದನ್ನೇ ಅಮೆರಿಕಕ್ಕೆ ಒಯ್ಯಿರಿ. ಅಲ್ಲಿ ಅಧ್ಯಕ್ಷರ 4 ವರ್ಷ ಗಟ್ಟಿ. ಸಂಸತ್ತಿಗೆ ಬೇಡವಾದರೆ ಸಾಲದು, ಗಂಭೀರ ತಪ್ಪಿನ ಆರೋಪ ಹೊರಿಸಿ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಪಡೆಯಬೇಕು. ಜರ್ಮನಿಯದು ಇನ್ನೂ ಬೇರೆ. ಅಲ್ಲಿನ ಸರ್ಕಾರದ ಮುಖ್ಯಸ್ಥರಾದ ಚಾನ್ಸಲರನ್ನು ಇಳಿಸುವ ಮತದಾನದಲ್ಲೇ ಹೊಸಬರನ್ನು ಆರಿಸಬೇಕು. 1982ರಲ್ಲಿ ಹೆಲ್ಮುಟ್ ಸ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದದ್ದು ಹೀಗೆ. 1999ರಲ್ಲಿ ನಮ್ಮ ವಿರೋಧ ಪಕ್ಷಗಳಿಗೆ ಬದಲಿ ಸರ್ಕಾರ ಮಾಡಲು ಆಗಲಿಲ್ಲ, ಚುನಾವಣೆ ಬಂತು. ಜರ್ಮನಿಯ ನಿಯಮ ಇದ್ದಿದ್ದರೆ ಬರೀ ಒಂದು ಮತಕ್ಕೆ ವಾಜಪೇಯಿ ಇಳಿಯಬೇಕಾಗಿರಲಿಲ್ಲ, ಅಲ್ವಾ? ಆಮೇಲೆ ಆ ನಿಯಮ ಯಾವ ಭಯದಿಂದ ಹುಟ್ಟಿತು ಅಂತ ಹುಡುಕಿ. ಹಿಟ್ಲರ್‌ಗೂ ಮುಂಚೆ, ವೈಮರ್ ಕಾಲದಲ್ಲಿ, ಸರ್ಕಾರಗಳು ಮೇಲಿಂದ ಮೇಲೆ ಬಿದ್ದದ್ದನ್ನು ಕಂಡವರು 1949ರಲ್ಲಿ ಬರೆದ ಸಂವಿಧಾನ ಅದು.

ಎರಡನೇ ಘಟನೆಗೆ ದೂರ ಹೋಗಬೇಕಿಲ್ಲ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದಿದ್ದ ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ, ರಾಜ್ಯದಲ್ಲಿ ರಾಷ್ಟ್ರಪತಿ ಆಳ್ವಿಕೆ ತರುವ 356ನೇ ವಿಧಿ ಬಳಸಿ ಕೇಂದ್ರ ವಜಾ ಮಾಡಿತು. ಸದನದಲ್ಲಿ ಬಹುಮತ ತೋರಿಸುತ್ತೇನೆ ಅಂದರೂ ಅವಕಾಶ ಕೊಡಲಿಲ್ಲ. 1994ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ, ಬಹುಮತದ ಲೆಕ್ಕ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂತ ತೀರ್ಪು ಕೊಟ್ಟಿತು. ಇಡೀ ದೇಶ ಇವತ್ತಿಗೂ ಓದುವ ಈ ಪ್ರಕರಣಕ್ಕೆ ನಮ್ಮ ಕಡೆಯವರ ಹೆಸರಿದೆ ಅಂತ ನನಗೆ ಬಹಳ ಹೆಮ್ಮೆ. ಅಮೆರಿಕದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ರಾಜ್ಯದ ಗವರ್ನರನ್ನು ಅಲ್ಲಿ ಜನ ಆರಿಸುತ್ತಾರೆ, ಅಧ್ಯಕ್ಷರು ತೆಗೆಯುವಂತಿಲ್ಲ.

ಇಲ್ಲಿಂದ ಕೋರ್ಟಿನ ಕಡೆ ತಿರುಗಿ. ಬ್ರಿಟನ್ನಿನಲ್ಲಿ ಪಾರ್ಲಿಮೆಂಟ್ ಕಾಯ್ದೆಯನ್ನು ಕೋರ್ಟ್ ರದ್ದು ಮಾಡುವಂತಿಲ್ಲ. ನಮ್ಮಲ್ಲಿ 1973ರ ಕೇಶವಾನಂದ ಭಾರತಿ ತೀರ್ಪಿನಿಂದಾಗಿ ಸಂವಿಧಾನದ ಮೂಲರಚನೆ, ಅಂದರೆ ಅದರ ಬುನಾದಿ ತತ್ವಗಳನ್ನು, ಕೆಡಿಸುವ ತಿದ್ದುಪಡಿಯನ್ನೂ ಕೋರ್ಟ್ ತಡೆಯಬಹುದು.

ಎರಡು ಘಟನೆ, ನಾಲ್ಕು ದೇಶ ಸಾಕು. ಯಾರನ್ನು ಯಾರು ಇಳಿಸಬಹುದು, ಕೊನೆಯ ಮಾತು ಯಾರದ್ದು ಅಂತ ಒಂದೊಂದು ದೇಶಕ್ಕೂ ಎರಡು ಸಾಲು ಬರೆಯಿರಿ. ನಮ್ಯ, ಅನಮ್ಯ ಅನ್ನುವ ಪದಗಳನ್ನು ಆಮೇಲೆ ಹಚ್ಚಿ.